ಕಾಡಿನಂಚಿನ ಹೊಸ ಮನೆ

ಪೇಟೆಯ ಗದ್ದಲಕ್ಕೆ ಬೇಸತ್ತವರು ಪಶ್ಚಿಮ ಘಟ್ಟದ ಮರಗಳ ನೆರಳಿನಲ್ಲಿ ಮನೆ ಕಟ್ಟಿಸಬಯಸುವುದು ಸಹಜವೇ ಸರಿ. ಆದರೆ ನೆರಳನ್ನರಸಿ ಹೋದವರೇ ಆ ಮರಗಳನ್ನು ಕಡಿದು, ಗುಡ್ಡವನ್ನು ನೆಟ್ಟಗೆ ಕೊರೆದು, ಗಾಜು ಕಾಂಕ್ರೀಟುಗಳ ಪೆಟ್ಟಿಗೆಯನ್ನು ನಿಲ್ಲಿಸಿ, ಅದರೊಳಗಿನ ಸೆಕೆಯನ್ನು ನೀಗಲು ಹವಾನಿಯಂತ್ರಕವನ್ನು ಜೋಡಿಸಿ, ಕಡೆಗೆ ಮಾಡಿನ ಮೇಲೆ ನಾಲ್ಕು ಸೌರಫಲಕಗಳನ್ನಿಟ್ಟು ಅದನ್ನು ‘ಶಕ್ತಿ ಉಳಿಸುವ ಮನೆ’ಯೆಂದು ಕರೆದರೆ ನಾವು ಒಪ್ಪಲಾರೆವು.

ಶಕ್ತಿಯ ಮಿತವ್ಯಯವು ಆಯಾ ನೆಲದ ಹವೆಯನ್ನನುಸರಿಸುವ ವಿದ್ಯೆ. 1990-91ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಕಟ್ಟಿದ ಮೊದಲ ‘ಪ್ಯಾಸಿವ್ ಹೌಸ್’ ಗಾಳಿ ನುಸುಳದಂತೆ ಬಿಗಿದು, ದಕ್ಷಿಣದ ಬಿಸಿಲನ್ನು ಗಾಜಿನ ಮೂಲಕ ಒಳಕ್ಕೆ ಕರೆದುಕೊಂಡಿತು. ಅದು ಅಲ್ಲಿನ ಚಳಿಗೆ ತಕ್ಕ ಉತ್ತರ. ಅಲ್ಲಿ ಬಿಸಿಯನ್ನು ಹಿಡಿದಿಡಬೇಕು. ಸುಳ್ಯ, ಬೆಳ್ತಂಗಡಿಗಳ ತೇವದ ಸೆಕೆಯಲ್ಲಿ ಬಿಸಿಯನ್ನು ಬರಗೊಡದೆ, ಬಂದದ್ದನ್ನು ಹೊರದೂಡಬೇಕು. ಕೇಂದ್ರ ಸರ್ಕಾರವು 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆಯೂ ಇಂತಹ ಹವೆಯ ಮನೆಗೆ ನೆಲದ ವಿಸ್ತೀರ್ಣದ ಆರರಲ್ಲೊಂದು ಪಾಲಿನಷ್ಟು ತೆರೆಯಬಲ್ಲ ಕಿಟಕಿ ಬಾಗಿಲುಗಳಿರಬೇಕೆಂದು ವಿಧಿಸುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮುಂಜಾನೆ, ಸಂಜೆಗಳ ಓರೆ ಬಿಸಿಲು ಪೂರ್ವ ಪಶ್ಚಿಮದ ಗೋಡೆಗಳನ್ನು ಕಾಯಿಸುವುದರಿಂದ, ಮನೆಯ ಉದ್ದನೆಯ ಮುಖಗಳು ಉತ್ತರ ದಕ್ಷಿಣಕ್ಕಿರಲಿ. ಪಶ್ಚಿಮದ ಮರವನ್ನು ಉಳಿಸಿಕೊಳ್ಳಲಿ. ಸೂರು ಮುಂಚಾಚಿ ಗೋಡೆಯನ್ನು ಬಿಸಿಲಿನಿಂದಲೂ ಮುಂಗಾರಿನ ಇರಿಚಲಿನಿಂದಲೂ ಕಾಯಲಿ. ಹೆಂಚಿನ ಮಾಡಿಗೂ ಒಳಮಾಳಿಗೆಗೂ ನಡುವೆ ಗಾಳಿಯಾಡುವ ತೆರಪಿರಲಿ. ಎದುರುಬದುರು ಕಿಟಕಿಗಳಿದ್ದು ಮೂವತ್ತು ವಾಟಿನ ಹೊಸ ಪಂಕವೊಂದಿದ್ದರೆ ಬಹುಪಾಲು ದಿನಗಳಿಗೆ ಸಾಕು. ಬೇಡಿಕೆಯನ್ನು ಹೀಗೆ ಇಳಿಸಿದ ಮೇಲೆಯೇ ಸೌರಫಲಕದ ಮಾತು. ಅದನ್ನೂ ಬಿಸಿಲು ಬೀಳುವ ಅಂಗಳದಲ್ಲಿಡಬೇಕಲ್ಲದೆ, ಅದಕ್ಕಾಗಿ ಮರವನ್ನುರುಳಿಸುವುದು ವಿವೇಕವಲ್ಲ.

ದೀಪ ಹಚ್ಚುವ ಮುನ್ನವೇ ಮನೆಯು ಶಕ್ತಿಯನ್ನು ನುಂಗಿರುತ್ತದೆಂಬುದನ್ನೂ ಮರೆಯಲಾಗದು. ಸಿಮೆಂಟು, ಉಕ್ಕು, ಸುಟ್ಟ ಇಟ್ಟಿಗೆಗಳೆಲ್ಲ ಕುಲುಮೆಯ ಸಂತಾನ. ಕರಾವಳಿಯ ಮುರಕಲ್ಲನ್ನು ಸುಡಬೇಕಿಲ್ಲ, ಕಡಿದರೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮಣ್ಣಿಗೆ ಅಲ್ಪ ಸಿಮೆಂಟು ಬೆರೆಸಿ ಒತ್ತಿ ಮಾಡುವ, ಸುಡದ ಇಟ್ಟಿಗೆಯನ್ನು ಬಳಕೆಗೆ ತಂದಿತು. ಇವು ಕೈಗೆಟುಕುವಾಗ ದೂರದ ಕುಲುಮೆಗೆ ಕೈಚಾಚುವುದೇಕೆ?

ಹಳೆಯ ತೊಟ್ಟಿಮನೆಯನ್ನೇ ಮತ್ತೆ ಕಟ್ಟಬೇಕೆಂದು ನಾವು ಹೇಳುತ್ತಿಲ್ಲ. ಅದು ಬೇಡುವಷ್ಟು ಹೆಮ್ಮರಗಳನ್ನು ಇಂದಿನ ಕಾಡು ಕೊಡಲಾರದು. ಅದರ ಹೊಗೆಗತ್ತಲೆಯ ಅಡಿಗೆಮನೆಯಲ್ಲಿ ನಮ್ಮ ತಾಯಂದಿರು ಪಟ್ಟ ಪಾಡು ಸಾಕು. ಕೈಗೊಳ್ಳಬೇಕಾದುದು ಅದರ ರೂಪವನ್ನಲ್ಲ, ನಿಯಮವನ್ನು.

ಇದು ಬರಿಯ ವಿದ್ಯುತ್ ಬಿಲ್ಲಿನ ಪ್ರಶ್ನೆಯಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮನೆಗಳೂ ಜನರೂ ಮಣ್ಣುಪಾಲಾದುದನ್ನು ನಾಡು ಕಂಡಿದೆ. ಸುರಿದ ಮಳೆ ಅಸಾಧಾರಣವಾದುದೇ. ಆದರೆ ರಸ್ತೆಗೂ ಕಟ್ಟಡಕ್ಕೂ ಇಳಿಜಾರನ್ನು ಕಡಿದುದೂ ಒಂದು ಕಾರಣವೆಂದು ಭೂವಿಜ್ಞಾನಿಗಳು ತೋರಿಸಿಕೊಟ್ಟರು. ಆದುದರಿಂದ ಕಾಡಿನಲ್ಲಿ ಮನೆ ಕಟ್ಟಿಸುವವರು ನಕ್ಷೆಗೆ ಮೊದಲು ನೆಲವನ್ನು ನೋಡಲಿ: ನೀರು ಹರಿಯುವ ದಾರಿ ಯಾವುದು, ಬೇರು ಹಿಡಿದ ಮಣ್ಣು ಎಲ್ಲಿಯದು, ಕಡಿಯದೆ ನಿಲ್ಲಬಲ್ಲ ಮಟ್ಟಸ ಜಾಗ ಎಷ್ಟು. ಆ ಜಾಗಕ್ಕೆ ಹಿಡಿಸುವಷ್ಟೇ ಮನೆ ಸಾಲದೆನ್ನುವವರು ಪೇಟೆಯಲ್ಲೇ ಇರುವುದು ಕಾಡಿಗೂ ಕ್ಷೇಮ, ಅವರಿಗೂ ಕ್ಷೇಮ.