ಇಳಿಸಿಕೊಳ್ಳುವ ಮುನ್ನ

ಒಂದು ಕಾಲದಲ್ಲಿ ಕಾರ್ಮಿಕನ ಕಾಗದಪತ್ರಗಳೆಲ್ಲ ಟ್ರಂಕಿನ ತಳದಲ್ಲಿರುತ್ತಿದ್ದವು. ಇಂದು ಅವು ಫೋನಿನಲ್ಲಿವೆ. ಭವಿಷ್ಯನಿಧಿಯ ಪಾಸ್‌ಬುಕ್ಕು, ಆಧಾರ್, 2021ರ ಆಗಸ್ಟಿನಲ್ಲಿ ಆರಂಭವಾದ ಇ-ಶ್ರಮ್ ಯೋಜನೆಯ ಕಾರ್ಡು, ಇವನ್ನೆಲ್ಲ ಇಂಟರ್‌ನೆಟ್ಟಿನಿಂದಲೇ ಇಳಿಸಿಕೊಳ್ಳಬೇಕಾಗಿದೆ. ಆದುದರಿಂದ ‘ಆ ಗೊಡವೆಯೇ ಬೇಡ’ ಎಂದು ನಮ್ಮ ಬಾಂಧವರಿಗೆ ಹೇಳುವುದು ಹಿತವಚನವಾಗಲಾರದು. ಇಳಿಸಿಕೊಳ್ಳುವ ಕ್ರಮವನ್ನು ಎಲ್ಲರೂ ಅರಿಯಬೇಕೆಂಬುದೇ ನಮ್ಮ ಅಭಿಪ್ರಾಯ.

ಫೈಲುಗಳಲ್ಲಿ ಎರಡು ಬಗೆ. ಓದುವ ಫೈಲು ಕಾಗದವಿದ್ದಂತೆ. ಅದರ ಹೆಸರು ಸಾಮಾನ್ಯವಾಗಿ ‘ಪಿಡಿಎಫ್’ ಎಂದು ಮುಗಿಯುತ್ತದೆ. ‘ಎಪಿಕೆ’ ಎಂದು ಮುಗಿಯುವುದು ಕಾಗದವಲ್ಲ, ಫೋನಿನೊಳಗೆ ಸೇರಿಕೊಂಡು ಕೆಲಸ ಮಾಡುವ ಆಳು. ಕಳ್ಳನು ಕಳುಹಿಸಿದ ಆಳಿಗೆ ಬಾಗಿಲು ತೆರೆದರೆ, ಬ್ಯಾಂಕಿನಿಂದ ಬರುವ ಒ.ಟಿ.ಪಿ.ಯನ್ನು ಅದು ನಮಗಿಂತ ಮೊದಲೇ ಓದಿ ಅವನಿಗೆ ಮುಟ್ಟಿಸಬಲ್ಲುದು. ಮದುವೆಯ ಕರೆಯೋಲೆಯ ಹೆಸರಿನಲ್ಲಿ ಇಂಥ ಫೈಲು ವಾಟ್ಸಾಪಿನಲ್ಲಿ ಬರುತ್ತಿದೆಯೆಂದು 2024ರಲ್ಲಿ ಹಿಮಾಚಲ ಪ್ರದೇಶದ ಪೋಲೀಸರು ಎಚ್ಚರಿಸಿದರು. ವಾಹನದ ದಂಡದ ಚಲನ್ ವೇಷದಲ್ಲಿಯೂ ಅದು ಬರುತ್ತದೆ. ಕರೆಯೋಲೆಯನ್ನು ಓದಲು ಹೊಸ ಆ್ಯಪ್ ಏಕೆ ಬೇಕು? ಪರಿಚಿತರ ನಂಬರಿನಿಂದ ಬಂದರೂ ನಂಬಬಾರದು. ಅವರ ಫೋನೇ ಕಳ್ಳರ ವಶವಾಗಿರಬಹುದು.

ಬೇಕಾದುದನ್ನು ನಾವೇ ಹುಡುಕಿ ಹೋಗತಕ್ಕದ್ದು. ಯಾರೋ ಕಳುಹಿಸಿದ ಕೊಂಡಿಯನ್ನು ಒತ್ತತಕ್ಕದ್ದಲ್ಲ. ಆ್ಯಪ್ ಬೇಕಾದರೆ ಪ್ಲೇಸ್ಟೋರಿನಲ್ಲಿ ಹುಡುಕಬೇಕು. ಸರಕಾರಿ ಕಾಗದ ಬೇಕಾದರೆ ವಿಳಾಸವು ‘ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯುವುದೋ ನೋಡಬೇಕು. ಅಪರಿಚಿತ ಮೂಲದ ಆ್ಯಪಿಗೆ ಅನುಮತಿ ಕೊಡುವಿರಾ ಎಂದು ಫೋನು ಕೇಳಿದರೆ ಅಲ್ಲಿಗೇ ನಿಲ್ಲಬೇಕು.

ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ದುಡಿಯುವ ನಮ್ಮವರಿಗೆ ಇಲ್ಲೊಂದು ತೊಡಕುಂಟು. ಈ ಎಚ್ಚರಿಕೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರುತ್ತದೆ. ಓದಲಾರದವರು ‘ಸರಿ’ ಎಂದು ಒತ್ತಿಬಿಡುತ್ತಾರೆ. ಫೋನಿನ ಸೆಟ್ಟಿಂಗ್ಸಿನಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಂಡರೆ ಎಚ್ಚರಿಕೆಯೂ ಕನ್ನಡದಲ್ಲಿಯೇ ಬರುವುದು. ತಾಯ್ನುಡಿ ಇಲ್ಲಿ ಅಭಿಮಾನದ ಮಾತಷ್ಟೇ ಅಲ್ಲ, ತಿಂಗಳ ಸಂಬಳದ ಕಾವಲು.

ಮೋಸಹೋದವರು ನಾಚಿ ಮುಚ್ಚಿಡಬಾರದು. ಕೂಡಲೆ ಇಂಟರ್‌ನೆಟ್ ನಿಲ್ಲಿಸಿ, ಬೇರೊಂದು ಫೋನಿನಿಂದ ಬ್ಯಾಂಕಿಗೂ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ತಿಳಿಸಬೇಕು. ಗ್ರಾಹಕನೇ ಅಜಾಗರೂಕನಾಗಿದ್ದರೂ ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕೆಂದು ರಿಸರ್ವ್ ಬ್ಯಾಂಕು 2017ರ ಜುಲೈ ತಿಂಗಳ ಸುತ್ತೋಲೆಯಲ್ಲಿ ವಿಧಿಸಿತು. ಆದ್ದರಿಂದ ಸುಮ್ಮನಿದ್ದ ಒಂದೊಂದು ಗಳಿಗೆಯೂ ಕಳ್ಳನಿಗೇ ಲಾಭ.

ನಮ್ಮ ಸಂಘದಲ್ಲಿ ಬಲ್ಲವರಿಗೆ ಕೊರತೆಯಿಲ್ಲ. ಬರುವ ಭಾನುವಾರ ಪ್ರತಿಯೊಬ್ಬರೂ ಹೊಸದಾಗಿ ಫೋನು ಹಿಡಿದ ಒಬ್ಬ ಬಂಧುವಿನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು, ಅವರ ಕೈಯಿಂದಲೇ ಪಾಸ್‌ಬುಕ್ಕನ್ನು ಇಳಿಸಿಸಲಿ. ಕಷ್ಟಕಾಲಕ್ಕೆ ಚಂದಾ ಎತ್ತುವ ಸಂಘವು ಕಷ್ಟವನ್ನೇ ತಡೆಯುವಂತಾಗಲಿ.