ನಲವತ್ತರ ನಂತರ ಬೆಂಗಳೂರು: ಮನೆಮಂದಿ ಕೂತು ಮಾಡಬೇಕಾದ ಲೆಕ್ಕ

ಭಾನುವಾರ ರಾತ್ರಿ ಬೈಕಂಪಾಡಿಯ ಹೆದ್ದಾರಿ ಬದಿಯಲ್ಲಿ ಬೆಂಗಳೂರು ಬಸ್ಸಿಗೆ ಕಾಯುವವರಲ್ಲಿ ಈಗ ಹೊಸದಾಗಿ ಓದು ಮುಗಿಸಿದ ಹುಡುಗರಷ್ಟೇ ಇಲ್ಲ, ತಲೆ ನರೆತವರೂ ಇದ್ದಾರೆ. ಇಲ್ಲಿನ ಕಾರ್ಖಾನೆಗಳಲ್ಲಿ ಹದಿನೈದಿಪ್ಪತ್ತು ವರ್ಷ ದುಡಿದು, ಒಂದಿಷ್ಟು ಕಂಪ್ಯೂಟರ್ ಕೋರ್ಸ್ ಮಾಡಿಕೊಂಡು, ಐಟಿ ನಗರದಲ್ಲಿ ಮತ್ತೆ ಮೊದಲಿನಿಂದ ಆರಂಭಿಸುವವರು ಇವರು.

ನೆಲೆ ಬದಲಿಸುವುದು ಈ ಊರಿಗೆ ಹೊಸದಲ್ಲ. ನವಮಂಗಳೂರು ಬಂದರಿಗಾಗಿ ಪಣಂಬೂರಿನ ಕುಟುಂಬಗಳು ಮನೆ, ಗದ್ದೆ ಬಿಟ್ಟು ಕಾಟಿಪಳ್ಳ, ಕೃಷ್ಣಾಪುರದ ಕಡೆ ನೆಲೆಸಿದವು. 1974ರಲ್ಲಿ ಅದು ಪ್ರಮುಖ ಬಂದರೆಂದು ಘೋಷಿತವಾಯಿತು. ಆನಂತರ ರಸಗೊಬ್ಬರ ಕಾರ್ಖಾನೆ, ಅದಿರು ಉಂಡೆ ಘಟಕ, ಎಂಆರ್‌ಪಿಎಲ್ ಬಂದವು. ಕೆಲಸ ಹುಡುಕಿಕೊಂಡು ಹೊರಗಿನವರೂ ಇಲ್ಲಿಗೆ ಬಂದರು. ಆದರೆ 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ಕುದುರೆಮುಖದ ಗಣಿಗಾರಿಕೆ ನಿಂತಾಗ, ಒಂದೇ ಉದ್ಯಮವನ್ನು ನೆಚ್ಚುವುದರ ಅಪಾಯವನ್ನೂ ನಾವು ಕಂಡೆವು.

ಹಾಗಾದರೆ ಹೋಗುವುದು ತಪ್ಪೇ? ಖಂಡಿತ ಅಲ್ಲ. ಉತ್ತಮ ಜೀವನವನ್ನು ಅರಸಿ ಊರು ಬಿಡುವ ಹಕ್ಕು ಮನುಷ್ಯನಿಗಿದೆ ಎಂದು ಪೋಪ್ ಎರಡನೇ ಜಾನ್ ಪಾವ್ಲ್ 1981ರ ತಮ್ಮ ವಿಶ್ವಪತ್ರ 'ಲಾಬೊರೆಮ್ ಎಕ್ಸೆರ್ಸೆನ್ಸ್'ನಲ್ಲಿ ಒಪ್ಪಿದ್ದಾರೆ. ಹಾಗೆ ಹೋದವರಿಂದ ಊರಿಗಾಗುವ ನಷ್ಟವನ್ನೂ ಅಲ್ಲೇ ನೆನಪಿಸಿದ್ದಾರೆ.

ಇಪ್ಪತ್ತೆರಡರ ಯುವಕ ಒಬ್ಬನೇ ಹೋಗುತ್ತಾನೆ. ನಲವತ್ತೆರಡರವನ ಹಿಂದೆ ಹತ್ತನೆಯ ತರಗತಿಯ ಮಗಳು, ಮಂಡಿನೋವಿನ ತಾಯಿ, ತೀರದ ಮನೆ ಸಾಲ, ಇಲ್ಲೇ ಉದ್ಯೋಗದಲ್ಲಿರುವ ಹೆಂಡತಿ ಇರುತ್ತಾರೆ. ಸಂಬಳ ತಿಂಗಳಿಗೆ 30 ಸಾವಿರ ಹೆಚ್ಚಿತು ಎಂದುಕೊಳ್ಳಿ. 25 ಸಾವಿರ ಬಾಡಿಗೆಗೆ ಹೋದರೆ ಉಳಿಯುವುದೆಷ್ಟು? ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ರೂಢಿಯೂ ಅಲ್ಲಿದೆ. ಅಂದರೆ ಎರಡೂವರೆ ಲಕ್ಷ ಮೊದಲೇ ಬೇಕು. 2024ರ ಬೇಸಿಗೆಯಲ್ಲಿ ಆ ನಗರ ನೀರಿಗಾಗಿ ಪರದಾಡಿತು. ಅದೇ ವರ್ಷದ ಮಳೆಗಾಲದಲ್ಲಿ ಭೂಕುಸಿತದಿಂದ ಶಿರಾಡಿ ಘಾಟಿಯ ರಸ್ತೆ, ರೈಲು ಎರಡೂ ನಿಂತಿದ್ದವು. ಮನೆಯಲ್ಲಿ ಕಾಯಿಲೆಯಾದರೆ ಓಡಿ ಬರುವ ದಾರಿ ಅದೇ ಎಂಬುದನ್ನು ಮರೆಯಬಾರದು.

ತಂತ್ರಜ್ಞಾನದ ಕೆಲಸವೂ ಶಾಶ್ವತವಲ್ಲ. ಕೃತಕ ಬುದ್ಧಿಮತ್ತೆ ದುಡಿಮೆಯ ಘನತೆಗೆ ಒಡ್ಡಿರುವ ಸವಾಲನ್ನು ಮನಸ್ಸಿನಲ್ಲಿಟ್ಟೇ ಹೊಸ ಪೋಪ್ 2025ರಲ್ಲಿ ಲಿಯೋ ಎಂಬ ಹೆಸರನ್ನು ಆರಿಸಿಕೊಂಡರು. 1891ರಲ್ಲಿ ಕಾರ್ಮಿಕರ ಪರವಾಗಿ ವಿಶ್ವಪತ್ರ ಬರೆದವರು ಹದಿಮೂರನೇ ಲಿಯೋ.

ಆದ್ದರಿಂದ ಹೊರಡುವ ಮುನ್ನ ಮನೆಮಂದಿಯೆಲ್ಲ ಕೂತು ಮಾತಾಡಲಿ. ಆ ಕೆಲಸ ಎರಡು ವರ್ಷದಲ್ಲಿ ಹೋದರೆ ಮುಂದೇನು? ತಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ? ಮಗಳ ಪರೀಕ್ಷೆ ಮುಗಿಯುವವರೆಗೆ ಕಾಯಬಹುದೇ? ಇವಕ್ಕೆ ಉತ್ತರವಿದ್ದರೆ ಧೈರ್ಯದಿಂದ ಹೋಗಿರಿ.

ಸರಕಾರದ ಹೊಣೆಯೂ ಇದೆ. 'ಬಿಯಾಂಡ್ ಬೆಂಗಳೂರು' ಯೋಜನೆಯಲ್ಲಿ ಮಂಗಳೂರಿನ ಹೆಸರಿದೆ. ಅಲ್ಲಿ ಹೊಸಬರಿಗಷ್ಟೇ ಅಲ್ಲ, ಅನುಭವಿಗಳಿಗೂ ಸ್ಥಾನ ಸಿಗಬೇಕು.

ನಮ್ಮ ಪಾಲಿನ ಕೆಲಸ ಚಿಕ್ಕದು. ವಾಳೆಯ ಗುರಿಕಾರರು ವಾರಕ್ಕೊಮ್ಮೆ ಆ ತಾಯಿಯ ಬಾಗಿಲು ತಟ್ಟಲಿ. ಹೋದವನು ಮೊಂತಿ ಹಬ್ಬಕ್ಕೆ ಬಂದಾಗ ಅವನನ್ನು ನೆಂಟನಂತೆ ಅಲ್ಲ, ಮನೆಯವನಂತೆ ಕಾಣೋಣ. ಅವನ ಜಾಗ ಇಲ್ಲಿ ಹಾಗೇ ಇದೆ ಎಂದು ಅವನಿಗೆ ಗೊತ್ತಾಗಲಿ.