ಓದಲಾಕ ಬರಲ್ಲ ಅಂದ್ರ ಯಾರಿಗೆ?

ಕಾಕಾ ಬೆಳೆ ಹಾನಿ ಅರ್ಜಿ ಹಾಕಲಾಕ ಮೊಬೈಲ್ ಹಿಡಿದು ಕುಂತಿದ್ದರು. ಕಣ್ಣಾಗ ಪೊರೆ ಬಂದದ. ಸೈಟಿನಾಗ ಸೊಟ್ಟ ಅಕ್ಷರ ನೋಡಿ ಹೊಡೀರಿ ಅಂತದಲ್ಲ, ಆ ಕ್ಯಾಪ್ಚಾ, ಬೂದಿ ಬಣ್ಣದ ಮ್ಯಾಲ ಬೂದಿ ಅಕ್ಷರ. ಮೂರು ಸಲ ತಪ್ಪಿತು. ಅಷ್ಟರಾಗ ಒಟಿಪಿ ಟೈಮ್ ಮುಗೀತು, ರಾತ್ರಿ ಹನ್ನೆರಡಕ್ಕ ಕಡೀ ದಿನಾನೂ ಮುಗೀತು. ನಾಕು ಎಕರೆ ತೊಗರಿ ನೆಟೆ ರೋಗಕ್ಕ ಒಣಗಿ ನಿಂತದ.

ಮರುದಿನ ಸೇಡಂನಾಗ ಅಂಗಡಿ ಹುಡುಗ, ‘ಮುತ್ಯಾಗ ಓದಲಾಕ ಬರಲ್ಲ ಬಿಡ್ರಿ’ ಅಂದ. ಭೂತಗನ್ನಡಿ ಹಿಡಿದು ದಿನಾ ಪೇಪರ್ ಓದೋ ಮನುಷ್ಯ ಅವರು!

ಇದು ದಯಾ ಧರ್ಮದ ಮಾತಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಾಗೇ ಬಂದದ. ಮುಖದ ಮ್ಯಾಲ ಆಸಿಡ್ ಬಿದ್ದವರಿಗೆ ಕೆವೈಸಿ ಮಾಡುವಾಗ ಕಣ್ಣು ಮಿಟುಕಿಸಿ ತೋರಿಸ್ರಿ ಅಂದ್ರ ಅವರೇನು ಮಾಡಬೇಕು? ಅವರು, ಕಣ್ಣು ಕಾಣದವರು ಕೋರ್ಟಿಗೆ ಹೋದರು. ಆನ್‌ಲೈನ್ ಸೇವೆ ಮುಟ್ಟೋದೂ 21ನೇ ವಿಧಿಯ ಬದುಕುವ ಹಕ್ಕಿನಾಗ ಬರ್ತದ ಅಂತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ಕ್ಕ ತೀರ್ಪು ಕೊಟ್ಟದ.

ಕ್ಯಾಪ್ಚಾ ಬಾಜೂಕ ಕನ್ನಡದಾಗ ಓದಿ ಹೇಳೋ ಬಟನ್ ಇಡ್ರಿ, ಅಕ್ಷರ ಕಪ್ಪಗ ದೊಡ್ಡದು ಮಾಡ್ರಿ, ಟೈಮ್ ಹೆಚ್ಚು ಕೊಡ್ರಿ. ಇದಕ್ಕೇನು ಕೋಟಿ ಬೇಕಾ?

ಸೋಮವಾರ ತಕರಾರು ಅರ್ಜಿ ಕೊಡ್ತೀವಿ. ಚಿತ್ತಾಪುರ, ಚಿಂಚೋಳಿ ಕಡೆ ಹಿಂಗ ಆದವರು ಕೆಳಗ ಬರೀರಿ, ಬರಿಯಲಾಕ ಆಗದಿದ್ರ ಮಾತಾಡಿ ವಾಯ್ಸ್ ಕಳಸ್ರಿ.